ಸಮುದ್ರ ಕಳೆದುಕೊಂಡ ದ್ವೀಪ

ಸುತ್ತಲೂ ನೀರಿರುವ ಭೂಭಾಗವೇ ದ್ವೀಪ. ಶಾಲೆಯ ಭೂಗೋಳದಲ್ಲಿ ಎಲ್ಲರೂ ಕಲಿತ ಪಾಠವಿದು. ಆದರೆ ಹಾಲೆಂಡಿನ ಸ್ಕೋಕ್‌ಲ್ಯಾಂಡ್ ದ್ವೀಪಕ್ಕೆ ಹೋಗಲು ದೋಣಿ ಬೇಡ, ಸೈಕಲ್ ಸಾಕು. ಅದರ ಸುತ್ತ ಈಗಿರುವುದು ಅಲೆಗಳಲ್ಲ, ಹೊಲಗಳು. ಹಳೆಯ ಬಂದರಿನ ಅಂಚಿನಲ್ಲಿ ನಿಂತು ನೋಡಿದರೆ ಕಣ್ಣಿಗೆ ಬೀಳುವುದು ಬೆಳೆ ಮತ್ತು ಹುಲ್ಲು.

ಕಥೆ ಶುರುವಾಗುವುದು ಒಂದು ಬಗೆಯ ಮಣ್ಣಿನಿಂದ. ಜೌಗಿನಲ್ಲಿ ಸಾವಿರಾರು ವರ್ಷ ಅರೆಕೊಳೆತು ಬಿದ್ದ ಗಿಡಗಂಟಿಗಳಿಂದ ಆಗುವ ಈ ಕಪ್ಪು ಮಣ್ಣಿಗೆ ಪೀಟ್ ಎನ್ನುತ್ತಾರೆ. ಒಣಗಿಸಿದರೆ ಒಳ್ಳೆಯ ಉರುವಲು. ಮಧ್ಯಯುಗದಲ್ಲಿ ಇಲ್ಲಿಗೆ ಬಂದ ರೈತರು ಕಾಲುವೆ ತೋಡಿ ಜೌಗಿನ ನೀರು ಹೊರಹಾಕಿ ಬೇಸಾಯ ಹೂಡಿದರು. ಪೀಟ್ ಸ್ಪಂಜಿನ ಹಾಗೆ; ನೀರು ಹೋದರೆ ಕುಗ್ಗುತ್ತದೆ, ಗಾಳಿ ತಾಗಿದರೆ ಕರಗುತ್ತ ಬರುತ್ತದೆ. ಹೊಲ ಒಣಗಿದಷ್ಟೂ ನೆಲ ಕೆಳಗಿಳಿಯಿತು, ನೆಲ ಇಳಿದಷ್ಟೂ ನೀರು ಹತ್ತಿರ ಬಂತು. ರೈತರ ತಪ್ಪು ಎನ್ನುವುದು ಸುಲಭ. ಆದರೆ ಹೊಟ್ಟೆಪಾಡಿಗೆ ಅವರಿಗೆ ಬೇರೆ ದಾರಿಯಾದರೂ ಏನಿತ್ತು?

ಬಿರುಗಾಳಿಗಳು ಒಂದರ ಮೇಲೊಂದು ಬಂದು ಉತ್ತರ ಸಮುದ್ರದ ನೀರನ್ನು ಒಳನುಗ್ಗಿಸಿದವು. ಸಿಹಿನೀರಿನ ಸರೋವರವಿದ್ದ ಕಡೆ ಜಾಯ್ಡರ್ ಜೀ, ಅಂದರೆ 'ತೆಂಕಣ ಸಮುದ್ರ', ಹಬ್ಬಿತು. ಮೊದಲು ನೆಲದ ನಾಲಗೆಯಂತೆ ಚಾಚಿಕೊಂಡಿದ್ದ ಸ್ಕೋಕ್‌ಲ್ಯಾಂಡ್ 15ನೇ ಶತಮಾನದ ಹೊತ್ತಿಗೆ ದ್ವೀಪವಾಗಿತ್ತು. ಹೊಲಗಳು ಹೋದವು; ರೈತರ ಮಕ್ಕಳು ಬೆಸ್ತರಾದರು.

ನೀರು ದಡವನ್ನು ಕೊರೆಯುತ್ತಲೇ ಹೋಗಿ, ಕೊನೆಗೆ ಉಳಿದದ್ದು ಸುಮಾರು 4 ಕಿಲೋಮೀಟರ್ ಉದ್ದದ ಕಿರಿದಾದ ಪಟ್ಟಿ. ಜನ ಮೂರು ದಿಬ್ಬಗಳ ಮೇಲೆ ಒತ್ತಿಕೊಂಡು ಬದುಕಿದರು. ಉತ್ತರದ ತುದಿಯಲ್ಲಿ ಎಮ್ಮೆಲೋರ್ಡ್ (ನಮ್ಮ ಎಮ್ಮೆಗೂ ಇದಕ್ಕೂ ಏನೂ ಸಂಬಂಧವಿಲ್ಲ!). ಇಲ್ಲಿಯವರು ಕ್ಯಾಥೊಲಿಕರು. ದಕ್ಷಿಣದ ಭಾಗಕ್ಕೆ ಎನ್ಸ್ ಎಂದು ಹೆಸರು, ಅಲ್ಲಿದ್ದವರು ಪ್ರಾಟೆಸ್ಟೆಂಟರು. ಅವರ ಮುಖ್ಯ ನೆಲೆ ಮಿಡ್ಡೆಲ್‌ಬ್ಯೂರ್ಟ್. ಹೆಸರಿನ ಅರ್ಥ ನೋಡಿದರೆ ನಮ್ಮ 'ನಡುಕೇರಿ'ಯೇ. ಅದಕ್ಕೂ ತೆಂಕಣಕ್ಕೆ ಇನ್ನೊಂದು ಪುಟ್ಟ ಕೇರಿ. ಇವುಗಳ ನಡುವಿನ ನೆಲ ಮಳೆಗಾಲದ ಗದ್ದೆಯಂತೆ ಕೆಸರು. ಹಾಗಾಗಿ ಕೇರಿಯಿಂದ ಕೇರಿಗೆ ಹೋಗಲು ಮರದ ಹಲಗೆಗಳ ಕಿರಿದಾದ ಕಾಲುದಾರಿ ಹಾಕಿಕೊಂಡಿದ್ದರು. ಇಷ್ಟು ಚಿಕ್ಕ ನೆಲದಲ್ಲಿ ಎರಡು ಪಂಥ, ಎರಡು ಇಗರ್ಜಿ!

1825ರ ಫೆಬ್ರವರಿಯಲ್ಲಿ ಬಂದ ಮಹಾಪೂರ ದ್ವೀಪದ ಬೆನ್ನು ಮುರಿಯಿತು. 13 ಜನ ಮುಳುಗಿ ಸತ್ತರು. ಮರದ ಮನೆಗಳು ಕೊಚ್ಚಿಹೋದವು. ಮಿಡ್ಡೆಲ್‌ಬ್ಯೂರ್ಟಿನಲ್ಲಿ 1834ರಲ್ಲಿ ಹೊಸ ಇಗರ್ಜಿಯನ್ನೇನೋ ಕಟ್ಟಿದರು. ಮೀನುಗಾರಿಕೆಯಿಂದ ಹೊಟ್ಟೆ ತುಂಬದವರಿಗೆ ನೇಯ್ಗೆಯ ಕೆಲಸ ಕೊಡಿಸುವ ಪ್ರಯತ್ನವೂ ನಡೆಯಿತು. ಬಡತನ ಮಾತ್ರ ಹೋಗಲಿಲ್ಲ. ಇತ್ತ ಸರ್ಕಾರಕ್ಕೆ ದಡ ಕಾಯುವ ಮರದ ಗೂಟ, ಕಲ್ಲುಗಳ ಖರ್ಚು ಪ್ರತಿವರ್ಷದ ತಲೆನೋವು. ಕೆಲವು ನೂರು ಬಡವರಿಗಾಗಿ ಇಷ್ಟು ಹಣವೇ ಎಂಬ ಲೆಕ್ಕಾಚಾರ ಶುರುವಾಯಿತು. ದಕ್ಷಿಣದ ಪುಟ್ಟ ಕೇರಿ ಮೊದಲು ಖಾಲಿಯಾಯಿತು. 1859ರಲ್ಲಿ, ಮೂರನೇ ವಿಲಿಯಂ ದೊರೆಯ ಆಳ್ವಿಕೆಯಲ್ಲಿ, ಉಳಿದವರೂ ಹೊರಡಬೇಕಾಯಿತು. ಆಗ ಅಲ್ಲಿದ್ದವರು ಸುಮಾರು 650 ಮಂದಿ.

ಪರಿಹಾರವೇನೋ ಸಿಕ್ಕಿತು. ಆದರೆ ಮನೆಗಳನ್ನು ಕೆಡವಿ ಹೋಗಬೇಕಿತ್ತು. ಮನೆ ಉಳಿದರೆ ಜನ ಮರಳಿಯಾರು ಎಂಬ ಭಯ ಇದ್ದಿರಬೇಕು. ಬಹಳ ಮಂದಿ ಒಳನಾಡಿನ ಕಾಂಪೆನ್ ಪಟ್ಟಣದ ಅಂಚಿನಲ್ಲಿ ಹೊಸ ಕೇರಿ ಮಾಡಿಕೊಂಡರು. ಕೆಲವರು ಫೋಲೆಂಡಾಮ್, ಫೊಲ್ಲೆನ್‌ಹೋವೆ ಮುಂತಾದ ಬೆಸ್ತರ ಊರುಗಳಿಗೆ ಹೋದರು. ದ್ವೀಪದಲ್ಲಿ ಉಳಿದವರು ದೀಪ, ಬಂದರು ನೋಡಿಕೊಳ್ಳುವ ಕೆಲವೇ ಸರ್ಕಾರಿ ನೌಕರರು. ಬಿರುಗಾಳಿಗೆ ಸಿಕ್ಕ ದೋಣಿಗಳಿಗೆ ಎಮ್ಮೆಲೋರ್ಡಿನ ಬಂದರು ಇನ್ನೂ ಆಸರೆಯಾಗಿತ್ತು.

ಇನ್ನು ಮುಂದಿನದು ವಿಧಿಯ ಆಟವೆನ್ನಬೇಕು. 1916ರ ಪ್ರವಾಹದ ನಂತರ ಡಚ್ಚರು ಜಾಯ್ಡರ್ ಜೀಯ ಬಾಯಿಯನ್ನೇ ಮುಚ್ಚಲು ನಿರ್ಧರಿಸಿದರು. ಇಂಜಿನಿಯರ್ ಕಾರ್ನೆಲಿಸ್ ಲೆಲಿ ಬಹುಕಾಲದಿಂದ ಪ್ರತಿಪಾದಿಸುತ್ತ ಬಂದ ಯೋಜನೆಯದು. ಸುಮಾರು 32 ಕಿಲೋಮೀಟರ್ ಉದ್ದದ ಅಡ್ಡಗಟ್ಟೆ 1932ರಲ್ಲಿ ಕೂಡಿಕೊಂಡಿತು. ಸಮುದ್ರ ಸರೋವರವಾಯಿತು, ಉಪ್ಪುನೀರು ಮೆಲ್ಲಗೆ ಸಿಹಿಯಾಯಿತು. ಬಳಿಕ ಸರೋವರದೊಳಗೇ ಏರಿ ಕಟ್ಟಿ, ಒಳಗಿನ ನೀರನ್ನು ಪಂಪುಗಳಿಂದ ಹೊರಹಾಕಿ ಹೊಸ ನೆಲ ಮಾಡಿದರು. ಹೀಗೆ ಪಡೆದ ನೆಲಕ್ಕೆ ಪೋಲ್ಡರ್ ಎನ್ನುತ್ತಾರೆ. 1942ರಲ್ಲಿ, ದೇಶ ಜರ್ಮನ್ನರ ವಶದಲ್ಲಿದ್ದಾಗಲೇ, ಸುಮಾರು 48,000 ಹೆಕ್ಟೇರಿನ ಈಶಾನ್ಯ ಪೋಲ್ಡರ್ ಒಣಗಿತು. ಅದರ ನಡುವೆ ಸ್ಕೋಕ್‌ಲ್ಯಾಂಡ್ ಒಂದು ದಿಬ್ಬವಾಗಿ ಉಳಿಯಿತು. ಸಮುದ್ರಕ್ಕೆ ಹೆದರಿ ಊರು ಬಿಡಿಸಿ 83 ವರ್ಷಕ್ಕೆ ಸಮುದ್ರವೇ ಊರು ಬಿಟ್ಟು ಹೋಗಿತ್ತು.

ಪೋಲ್ಡರಿನ ಮುಖ್ಯ ಪಟ್ಟಣಕ್ಕೆ ಇಟ್ಟ ಹೆಸರು ಎಮ್ಮೆಲೋರ್ಡ್. ಹತ್ತಿರದ ಹೊಸ ಹಳ್ಳಿಗೆ ಎನ್ಸ್. ಹೆಸರು ಹಳೆಯದು, ಊರು ಮತ್ತು ಜನ ಹೊಸಬರು. ಮಿಡ್ಡೆಲ್‌ಬ್ಯೂರ್ಟಿನ ಇಗರ್ಜಿ ಮಾತ್ರ ಇದ್ದಲ್ಲೇ ಇದೆ. ಈಗ ಅದು ವಸ್ತುಸಂಗ್ರಹಾಲಯದ ಭಾಗ. ಪೋಲ್ಡರಿನ ನೆಲ ಅಗೆದಾಗ ಮುಳುಗಿದ್ದ ಹಡಗುಗಳು, ಪ್ರಾಣಿಗಳ ಮೂಳೆಗಳು, ಇತಿಹಾಸಪೂರ್ವ ಕಾಲದ ಮನುಷ್ಯರ ಕುರುಹುಗಳು ಸಿಕ್ಕಿವೆ. ದಕ್ಷಿಣ ತುದಿಯಲ್ಲಿ ಇನ್ನೊಂದು ಹಳೆಯ ಇಗರ್ಜಿಯ ಅಡಿಪಾಯವಿದೆ. 1995ರಲ್ಲಿ ಯುನೆಸ್ಕೋ ತನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ನೆದರ್ಲೆಂಡ್ಸಿನ ಮೊದಲ ತಾಣವೇ ಇದು. ಹೊರಟುಹೋದವರ ವಂಶಸ್ಥರು ಸಂಘ ಕಟ್ಟಿಕೊಂಡು ಹಿರಿಯರ ನೆನಪನ್ನು ಕಾಪಾಡುತ್ತಿದ್ದಾರೆ.

ಆದರೆ ಹಳೆಯ ರೋಗ ಮರುಕಳಿಸಿದೆ. ಪೋಲ್ಡರಿನ ಹೊಲಗಳಿಗಾಗಿ ನೀರು ಹೊರಹಾಕಿದಂತೆಲ್ಲ ದ್ವೀಪದ ಪೀಟ್ ಮತ್ತೆ ಒಣಗುತ್ತದೆ, ದಿಬ್ಬ ಕುಸಿಯುತ್ತದೆ. ನೆಲದೊಳಗೆ ಒದ್ದೆಯಾಗಿದ್ದುದರಿಂದಲೇ ಉಳಿದುಬಂದ ಮರ, ಮೂಳೆಗಳಿಗೆ ಗಾಳಿ ತಾಗಿದರೆ ಅವೂ ಹಾಳಾಗುತ್ತವೆ. ಅದಕ್ಕೇ ದ್ವೀಪದ ಪೂರ್ವ ಮಗ್ಗುಲಲ್ಲಿ ಒಂದಷ್ಟು ನೆಲದಲ್ಲಿ ಬೇಸಾಯ ನಿಲ್ಲಿಸಿ, ಬೇಕೆಂದೇ ನೀರಿನ ಮಟ್ಟ ಏರಿಸಿ ಇಟ್ಟಿದ್ದಾರೆ. ಯಾವ ನೀರನ್ನು ದೂರವಿಡಲು ಇಲ್ಲಿಯವರು ಶತಮಾನಗಳ ಕಾಲ ಗೂಟ ನೆಟ್ಟರೋ, ಅದನ್ನೇ ಈಗ ಅಳೆದು ತಂದು ಅದೇ ದಡದ ಪಕ್ಕದಲ್ಲಿ ನಿಲ್ಲಿಸುತ್ತಿದ್ದಾರೆ.