ಹಾಲಿನಲ್ಲಿ ತಾವಾಗಿಯೇ ರೂಪುಗೊಳ್ಳುವ ನ್ಯಾನೋ ಕಣಗಳು: ಹೈನುಗಾರರ ಮಾಹಿತಿಗಾಗಿ

ಕಡಬ ತಾಲ್ಲೂಕಿನ ಕೊಯಿಲದಲ್ಲಿ ಸರ್ಕಾರಿ ಜಾನುವಾರು ಸಂವರ್ಧನಾ ಕೇಂದ್ರವಿರುತ್ತದೆ. ವಿಜ್ಞಾನಿಗಳು ಪ್ರಯೋಗಾಲಯಗಳಲ್ಲಿ ಸಾಧಿಸಲು ಶ್ರಮಿಸುತ್ತಿರುವ ಒಂದು ಕ್ರಿಯೆಯು ಇಲ್ಲಿನ ಹೈನುಗಾರರು ದಿನವೂ ಕರೆಯುವ ಹಾಲಿನಲ್ಲಿ ಸಹಜವಾಗಿಯೇ ನಡೆದಿರುತ್ತದೆ.

ಅಮೈನೋ ಆಮ್ಲಗಳ ಕಿರು ಸರಪಳಿಗೆ ಪೆಪ್ಟೈಡ್ ಎಂದೂ, ಉದ್ದನೆಯದಕ್ಕೆ ಪ್ರೋಟೀನ್ ಎಂದೂ ಹೆಸರು. ಇವುಗಳಲ್ಲಿ ಕೆಲವು ನೀರಿನಲ್ಲಿ ತಾವಾಗಿಯೇ ಕೂಡಿಕೊಂಡು ನ್ಯಾನೋ ರಚನೆಗಳಾಗುತ್ತವೆ. ಕೇವಲ ಎರಡು ಅಮೈನೋ ಆಮ್ಲಗಳುಳ್ಳ ಪೆಪ್ಟೈಡಿನಿಂದ ಸೂಕ್ಷ್ಮ ಕೊಳವೆಗಳು ಉಂಟಾಗುವುದನ್ನು ಇಸ್ರೇಲಿನ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಈ ಬಗೆಯ ಸಂಶೋಧನೆ ನಡೆದಿರುತ್ತದೆ.

ಹಾಲಿನಲ್ಲಿ ಈ ಕಾರ್ಯವನ್ನು ಕೇಸಿನ್ ಪ್ರೋಟೀನುಗಳು ನಿರ್ವಹಿಸುತ್ತವೆ. ಕ್ಯಾಲ್ಸಿಯಂ ಫಾಸ್ಫೇಟಿನೊಡನೆ ಸೇರಿ ಅವು ಸರಾಸರಿ 150ರಿಂದ 200 ನ್ಯಾನೋಮೀಟರ್ ವ್ಯಾಸದ ಗೋಳಗಳಾಗುತ್ತವೆ. ಹೊರಮೈಯಲ್ಲಿರುವ ಕಪ್ಪಾ ಕೇಸಿನ್ ಗೋಳಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಹೆಪ್ಪು ಹಾಕಿದಾಗ ಹುಳಿಯಿಂದ ಈ ತಡೆಯು ಕುಸಿದು ಮೊಸರಾಗುತ್ತದೆ.

ಕೆಚ್ಚಲು ಬಾವಿನಲ್ಲಿ ಪ್ಲಾಸ್ಮಿನ್ ಎಂಬ ಕಿಣ್ವವು ಹೆಚ್ಚಾಗಿ ಕೇಸಿನ್ನನ್ನು ತುಂಡರಿಸುವುದರಿಂದ ಮೊಸರು ಗಟ್ಟಿಯಾಗದಿರಬಹುದು. ಮಳೆಗಾಲದ ತಂಪಿನಿಂದಲೂ ಹೀಗಾಗುವುದುಂಟು. ಆದ್ದರಿಂದ ಮೊಸರನ್ನು ಮಾತ್ರ ನೋಡಿ ನಿರ್ಧರಿಸುವುದು ಸರಿಯಲ್ಲ. ರೋಗದ ಆರಂಭದಲ್ಲಿ ಹಾಲು ಕಣ್ಣಿಗೆ ಸರಿಯಾಗಿಯೇ ತೋರುತ್ತದೆ. ಸಂಶಯವಿದ್ದಲ್ಲಿ ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆ ಶುದ್ಧ ಪಾತ್ರೆಗಳಲ್ಲಿ ಸಂಗ್ರಹಿಸಿ ಸಮೀಪದ ಪಶುವೈದ್ಯ ಸಂಸ್ಥೆಯಲ್ಲಿ ಪರೀಕ್ಷೆಗೆ ನೀಡತಕ್ಕದ್ದು. ಜೀವಿರೋಧಕ ಔಷಧಿ ನೀಡಿದಲ್ಲಿ ವೈದ್ಯರು ಸೂಚಿಸುವ ಅವಧಿಯವರೆಗೆ ಹಾಲನ್ನು ಡೇರಿಗೆ ಹಾಕಬಾರದು.