ಕಿರುಚಲಿಲ್ಲ ಎಂದರೆ ಒಪ್ಪಿದಳು ಎಂದಲ್ಲ

‘ಅವಳೇಕೆ ಕಿರುಚಲಿಲ್ಲ? ಮೈಮೇಲೆ ಒಂದು ಗಾಯವೂ ಇಲ್ಲವಲ್ಲ?’ ದೂರು ಕೊಟ್ಟ ಹೆಣ್ಣುಮಗಳು ಮನೆಯಿಂದ ಹಿಡಿದು ಕೋರ್ಟಿನ ಪಾಟೀಸವಾಲಿನವರೆಗೂ ಎದುರಿಸಬೇಕಾದ ಪ್ರಶ್ನೆ ಇದು. ಒಂದು ಕಾಲಕ್ಕೆ ಸುಪ್ರೀಂ ಕೋರ್ಟೇ ಹೀಗೆ ಯೋಚಿಸಿತ್ತು. ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆದ ಪ್ರಕರಣದಲ್ಲಿ, ಗಾಯದ ಗುರುತಿಲ್ಲ, ಪ್ರತಿಭಟಿಸಿದ ಗುರುತೂ ಇಲ್ಲ ಎಂದು 1978ರಲ್ಲಿ ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿತು. ದೇಶದ ಉದ್ದಗಲಕ್ಕೂ ಮಹಿಳೆಯರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು, 2013ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮು ಈಗ ಹೇಳುವುದಿಷ್ಟು: ಸಮ್ಮತಿ ಸ್ವಇಚ್ಛೆಯದಾಗಿರಬೇಕು, ಮಾತು ಅಥವಾ ಸನ್ನೆಯಲ್ಲಿ ನಿಸ್ಸಂದಿಗ್ಧವಾಗಿ ವ್ಯಕ್ತವಾಗಬೇಕು. ಮೈಯಿಂದ ಎದುರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಒಪ್ಪಿದಳೆಂದು ತಿಳಿಯುವಂತಿಲ್ಲ. ಭಯದಲ್ಲಿ ಕೈಕಾಲು ಮರಗಟ್ಟಿ ದನಿಯೇ ಹೊರಡದೆ ಹೋದವಳಿಗೆ ಈ ಸಾಲು ಎಷ್ಟು ದೊಡ್ಡ ಆಸರೆ! ಹದಿನೆಂಟು ತುಂಬದವಳು ‘ಹೂಂ’ ಎಂದರೂ ಕಾನೂನಿನ ಕಣ್ಣಲ್ಲಿ ಅದು ಸಮ್ಮತಿಯಲ್ಲ.

‘ಬಟ್ಟೆಯ ಮೇಲಿಂದ ಮುಟ್ಟಿದರೆ ಅಪರಾಧವಾಗದು’ ಎಂಬ ಮಾತೂ ಉಂಟು. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಚರ್ಮಕ್ಕೆ ಚರ್ಮ ತಾಗದಿದ್ದರೆ ಅದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಲೈಂಗಿಕ ಹಲ್ಲೆಯಾಗದು ಎಂದದ್ದು ನಿಜ. ಆದರೆ ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಅಳಿಸಿಹಾಕಿತು. ನೋಡಬೇಕಾದದ್ದು ಲೈಂಗಿಕ ಉದ್ದೇಶವಿತ್ತೇ ಎಂಬುದನ್ನು, ನಡುವೆ ಬಟ್ಟೆ ಇತ್ತೇ ಎಂಬುದನ್ನಲ್ಲ.

ಮುಟ್ಟಲೇಬೇಕೆಂದೂ ಇಲ್ಲ. ಅಶ್ಲೀಲವಾಗಿ ಮಾತಾಡುವುದು, ಬೇಡವೆಂದರೂ ಅಶ್ಲೀಲ ಚಿತ್ರ ತೋರಿಸುವುದು ನ್ಯಾಯ ಸಂಹಿತೆಯ 75ನೇ ಕಲಮಿನಡಿ ಲೈಂಗಿಕ ಕಿರುಕುಳ. ಆಸಕ್ತಿಯಿಲ್ಲವೆಂದು ಅವಳು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಬೆನ್ನುಬೀಳುವುದು 78ನೇ ಕಲಮಿನ ಅಪರಾಧ. ಸಿನಿಮಾಗಳು ಇದನ್ನೇ ಪ್ರೇಮವೆಂದು ಎಷ್ಟು ವರ್ಷ ತೋರಿಸಿವೆಯೋ! ಕಾನೂನು ಇದಕ್ಕೆ ಮೊದಲ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು ವಿಧಿಸುತ್ತದೆ.

‘ಕೆಲಸದ ಜಾಗದ ಕಿರುಕುಳದ ಕಾನೂನು ಎ.ಸಿ. ಆಫೀಸಿನವರಿಗಷ್ಟೇ’ ಎನ್ನುವವರು 2013ರ ಕಾಯ್ದೆ ಓದಬೇಕು. ಮನೆಗೆಲಸದವರೂ ಅದರ ವ್ಯಾಪ್ತಿಯಲ್ಲಿದ್ದಾರೆ. ಹತ್ತು ಮಂದಿಗಿಂತ ಕಡಿಮೆ ಇರುವ ಕಡೆ ಕೆಲಸ ಮಾಡುವವರ ದೂರು ಕೇಳಲು ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. ದೂರು ರುಜುವಾಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳು ದೂರಾಗಿ ಹೆಣ್ಣಿಗೆ ಶಿಕ್ಷೆಯಾಗುತ್ತದೆ ಎಂಬ ಹೆದರಿಕೆಗೂ ಆಧಾರವಿಲ್ಲ. ದುರುದ್ದೇಶ ಸಾಬೀತಾಗದೆ ಕ್ರಮ ಕೈಗೊಳ್ಳುವಂತಿಲ್ಲ.

‘ನಮ್ಮ ಸರಹದ್ದಲ್ಲ’ ಎಂದು ಯಾವ ಠಾಣೆಯೂ ವಾಪಸು ಕಳಿಸುವಂತಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಮೊದಲು ದೂರು ದಾಖಲಿಸಿಕೊಳ್ಳಬೇಕು. ಅತ್ಯಾಚಾರಕ್ಕೊಳಗಾದವರಿಗೆ ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು.

ಒಂದು ಕಡೆ ಮಾತ್ರ ಜನರ ತಿಳಿವಳಿಕೆಯೇ ಕಾನೂನಿಗೆ ಹತ್ತಿರವಿದೆ, ನೋವಿನ ಸಂಗತಿ ಅದು. ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ಸಂಹಿತೆ ಅತ್ಯಾಚಾರವೆಂದು ಕರೆಯುವುದಿಲ್ಲ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ಒಪ್ಪಲಿಲ್ಲ. ಆ ಆದೇಶಕ್ಕೆ ಸುಪ್ರೀಂ ಕೋರ್ಟು ತಡೆ ನೀಡಿತು. ಗಂಡನಿಗಿರುವ ಈ ವಿನಾಯಿತಿ ಹೋಗಲೇಬೇಕು. ಅಲ್ಲಿಯವರೆಗೆ ಹೆಂಡತಿ ಕೈಕಟ್ಟಿ ಕೂರಬೇಕಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಲೈಂಗಿಕ ದೌರ್ಜನ್ಯವನ್ನೂ ಹಿಂಸೆಯೆಂದು ಹೆಸರಿಸಿದೆ. ಅದರಡಿ ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶವನ್ನೂ ವಾಸದ ಹಕ್ಕನ್ನೂ ಅವಳು ಕೇಳಬಹುದು.