ಏರಿಸುತ್ತಲೇ ಇಳಿಸುವ ಪುಲ್ಟೆಕ್: ಹಳೆಯ ಈಕ್ವಲೈಸರ್‌ನ ಗುಟ್ಟೇನು?

ಧ್ವನಿಮುದ್ರಣದ ಬಹುಪಾಲು ಕೆಲಸ ಇಂದು ಕಂಪ್ಯೂಟರ್ ತೆರೆಯ ಮೇಲೆಯೇ ಮುಗಿಯುತ್ತದೆ. ಆದರೂ 1951ರಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ ಉಪಕರಣವೊಂದರ ಮರುಸೃಷ್ಟಿಗಳು ಈಗಲೂ ತಯಾರಾಗುತ್ತಿವೆ. ನ್ಯೂಜೆರ್ಸಿಯ ಪಲ್ಸ್ ಟೆಕ್ನಿಕ್ಸ್ ಸಂಸ್ಥೆಯ ಯೂಜೀನ್ ಶೆಂಕ್ ಮತ್ತು ಆಲಿವರ್ ಸಮ್ಮರ್‌ಲ್ಯಾಂಡ್ ರೂಪಿಸಿದ ಆ ಉಪಕರಣವೇ ಪುಲ್ಟೆಕ್ ಇಕ್ಯೂಪಿ-1 ಈಕ್ವಲೈಸರ್.

ಧ್ವನಿಯ ಮಂದ್ರ, ಮಧ್ಯ, ತಾರ ಭಾಗಗಳನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡುವುದು ಈಕ್ವಲೈಸರ್‌ನ ಕೆಲಸ. ಪುಲ್ಟೆಕ್‌ನಲ್ಲಿ ಇದನ್ನು ನಿರ್ವಹಿಸುವುದು ತಂತಿಯ ಸುರುಳಿ, ಕೆಪಾಸಿಟರ್ ಹಾಗೂ ರೆಸಿಸ್ಟರ್‌ಗಳು. ಇವುಗಳಿಗೆ ಸಂಕೇತವನ್ನು ತಗ್ಗಿಸಲು ಬರುತ್ತದೆಯೇ ಹೊರತು ಬಲಪಡಿಸಲು ಬಾರದು. ಹಾಗಾದರೆ ಏರಿಕೆ ಎಲ್ಲಿಂದ? ಇಡೀ ಧ್ವನಿಯನ್ನು ಮೊದಲೇ ತಗ್ಗಿಸಿಟ್ಟು, ಏರಿಸಬೇಕಾದ ಭಾಗವನ್ನು ಮಾತ್ರ ಕಡಿಮೆ ತಗ್ಗಿಸುವುದು ಇಲ್ಲಿನ ಉಪಾಯ. ನಷ್ಟವಾದ ಬಲವನ್ನು ಕೊನೆಯಲ್ಲಿ ವಾಲ್ವ್ ಆಂಪ್ಲಿಫೈಯರ್ ತುಂಬಿಕೊಡುತ್ತದೆ.

ನಿಜವಾದ ಸ್ವಾರಸ್ಯವಿರುವುದು ಮಂದ್ರ ವಿಭಾಗದಲ್ಲಿ. ನಂತರದ ಇಕ್ಯೂಪಿ-1ಎ ಮಾದರಿಯಲ್ಲಿ 20, 30, 60, 100 ಹರ್ಟ್ಸ್ ಎಂಬ ನಾಲ್ಕೇ ಆಯ್ಕೆಗಳಿವೆ. ಏರಿಸಲು ಒಂದು ಗುಂಡಿ, ಇಳಿಸಲು ಇನ್ನೊಂದು. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಒಂದನ್ನೊಂದು ಅಳಿಸಿಹಾಕಬೇಕೆಂದು ಯಾರಿಗಾದರೂ ತೋರುತ್ತದೆ. ಆಗುವುದೇ ಬೇರೆ. ಎರಡರ ಪ್ರಭಾವವೂ ಒಂದೇ ಕಂಪನಾಂಕದಲ್ಲಿ ನಿಲ್ಲುವುದಿಲ್ಲ. ಇಳಿಕೆಯದು ತುಸು ಮೇಲಿನವರೆಗೆ ಚಾಚುತ್ತದೆ. ಪರಿಣಾಮವಾಗಿ ತೀರಾ ಕೆಳಗಿನ ಧ್ವನಿ ಉಬ್ಬಿ, ಅದರ ಮೇಲಿನ ಭಾಗ ತಗ್ಗುತ್ತದೆ. ಡ್ರಮ್‌ಗೆ, ಬಾಸ್ ಗಿಟಾರ್‌ಗೆ ತೂಕ ಬರುತ್ತದೆ, ಗೊಜಗೊಜ ಇರುವುದಿಲ್ಲ. ಈ ಒಂದು ಗುಣಕ್ಕಾಗಿಯೇ ಪುಲ್ಟೆಕ್‌ಗೆ ಮೊರೆಹೋಗುವವರಿದ್ದಾರೆ.

ಮಾರಾಟಗಾರರು ಹಾಡಿಹೊಗಳುವ ‘ಬೆಚ್ಚನೆಯ ನಾದ’ದಲ್ಲಿ ಸತ್ಯಾಂಶವಿಲ್ಲದಿಲ್ಲ. ವಾಲ್ವ್, ಟ್ರಾನ್ಸ್‌ಫಾರ್ಮರ್‌ಗಳು ಧ್ವನಿಗೆ ಅಲ್ಪ ವಿರೂಪವನ್ನು ಬೆರೆಸುತ್ತವೆ, ಅದು ಹಲವರ ಕಿವಿಗೆ ಹಿತ. ಆದರೆ ಪುಲ್ಟೆಕ್‌ನ ಮುಖ್ಯ ಗುಣ ಆ ಏರಿಳಿತದ ವಕ್ರರೇಖೆ. ಅದನ್ನು ತಂತ್ರಾಂಶವೂ ಬರೆಯಬಲ್ಲದು. ಯೂನಿವರ್ಸಲ್ ಆಡಿಯೊ ಮುಂತಾದ ಸಂಸ್ಥೆಗಳ ಡಿಜಿಟಲ್ ಆವೃತ್ತಿಗಳು ಬಹುಕಾಲದಿಂದ ಬಳಕೆಯಲ್ಲಿವೆ. ಮನೆಯಲ್ಲೇ ಸ್ಟುಡಿಯೊ ಕಟ್ಟುವವರು ಕೈಯಲ್ಲಿರುವ ಹಣವನ್ನು ಮೊದಲು ಮೈಕ್ರೊಫೋನ್‌ಗೆ, ಕೋಣೆಯ ಪ್ರತಿಧ್ವನಿ ತಗ್ಗಿಸುವುದಕ್ಕೆ ವಿನಿಯೋಗಿಸುವುದೇ ಲೇಸು.

ಯಂತ್ರವೇ ಬೇಕೆನ್ನುವವರಿಗೆ ಡೆನ್ಮಾರ್ಕ್‌ನ ಟ್ಯೂಬ್-ಟೆಕ್ ಪಿಇ 1ಸಿಯಂತಹ ದುಬಾರಿ ಮಾದರಿಗಳಿಂದ ವಾರ್ಮ್ ಆಡಿಯೊದ ಅಗ್ಗದ ಮಾದರಿಯವರೆಗೆ ಆಯ್ಕೆಗಳುಂಟು. ಕೊಳ್ಳುವ ಮುನ್ನ ಒಂದನ್ನು ಗಮನಿಸಬೇಕು: ಇವುಗಳಲ್ಲಿ ಒಂದು ಪೆಟ್ಟಿಗೆ ನಿಭಾಯಿಸುವುದು ಒಂದೇ ಚಾನೆಲ್ಲನ್ನು. ಸ್ಟೀರಿಯೊ ಮುದ್ರಣಕ್ಕೆ ಎರಡು ಬೇಕು, ಎರಡರ ಗುಂಡಿಗಳನ್ನೂ ಕೈಯಿಂದಲೇ ಸರಿಹೊಂದಿಸಬೇಕು.